ಶಿಕ್ಷಕರ ಯೋಗಕ್ಷೇಮ ಮತ್ತು ಶಾಲಾ ನಾಯಕತ್ವ

ಶಿಕ್ಷಕರು ಆರೋಗ್ಯದಿಂದಲೂ ಉತ್ಸಾಹದಿಂದಲೂ ಕೆಲಸ ಮಾಡಿಕೊಂಡು ಶಾಲೆಯಲ್ಲಿ ನೆಲೆ ನಿಲ್ಲುವಂತೆ ಮುಖ್ಯ ಶಿಕ್ಷಕರು, ಪ್ರಾಂಶುಪಾಲರು ಮತ್ತು ಆಡಳಿತ ಮಂಡಳಿಗಳು ಮಾಡಬಹುದಾದ ಏರ್ಪಾಡುಗಳ ಅಧ್ಯಯನ ಇದು. ಶಿಕ್ಷಣಶಾಸ್ತ್ರ, ಮನೋವಿಜ್ಞಾನ ಮತ್ತು ಆಡಳಿತಶಾಸ್ತ್ರ ಮೂರೂ ಇಲ್ಲಿ ಸೇರುತ್ತವೆ. 2030ರ ಹೊತ್ತಿಗೆ ಎಲ್ಲ ಮಕ್ಕಳಿಗೂ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ಸಿಗಬೇಕಾದರೆ ಜಗತ್ತಿಗೆ ಇನ್ನೂ 4 ಕೋಟಿ 40 ಲಕ್ಷ ಶಿಕ್ಷಕರು ಬೇಕೆಂದು ಯುನೆಸ್ಕೋ ಅಂದಾಜು ಮಾಡಿದೆ. ಹೊಸಬರನ್ನು ನೇಮಿಸಿಕೊಳ್ಳುವುದರಿಂದ ಮಾತ್ರ ಈ ಕೊರತೆ ತುಂಬುವುದಿಲ್ಲ. ಇರುವವರು ಏಕೆ ಹೊರಟುಹೋಗುತ್ತಾರೆ, ಉಳಿದವರು ಏಕೆ ಬಸವಳಿಯುತ್ತಾರೆ ಎಂಬುದನ್ನೂ ನೋಡಬೇಕಾಗುತ್ತದೆ.

ಈ ಕ್ಷೇತ್ರದ ಐವತ್ತು ವರ್ಷಗಳ ಅಧ್ಯಯನ ಒಂದು ಮಾತನ್ನು ಬಲವಾಗಿ ಹೇಳುತ್ತದೆ: ಶಿಕ್ಷಕರ ಯೋಗಕ್ಷೇಮ ನಿಂತಿರುವುದು ದಿನನಿತ್ಯದ ಕೆಲಸದ ಏರ್ಪಾಡಿನ ಮೇಲೆ. ವೇಳಾಪಟ್ಟಿ ಹೇಗಿದೆ, ಕೆಲಸ ಹಂಚುವಾಗ ನ್ಯಾಯವಿದೆಯೇ, ಶಿಕ್ಷಕರ ಮಾತಿಗೆ ಬೆಲೆಯಿದೆಯೇ, ಕಷ್ಟ ಬಂದಾಗ ಯಾರು ಬೆನ್ನಿಗೆ ನಿಲ್ಲುತ್ತಾರೆ ಎಂಬ ಪ್ರಶ್ನೆಗಳೇ ಇಲ್ಲಿ ಮುಖ್ಯ. ಸಂಬಳವೂ ವರ್ಗಾವಣೆಯೂ ಮುಖ್ಯ ಶಿಕ್ಷಕರ ಕೈಯಲ್ಲಿಲ್ಲ, ನಿಜ. ಆದರೆ ಈ ನಾಲ್ಕು ಪ್ರಶ್ನೆಗಳ ಉತ್ತರ ಬಹುಪಾಲು ಅವರ ಕೈಯಲ್ಲೇ ಇದೆ.

ಪರಿಕಲ್ಪನೆ

ಯೋಗಕ್ಷೇಮವೆಂದರೆ ಕಾಯಿಲೆ ಇಲ್ಲದಿರುವುದಷ್ಟೇ ಅಲ್ಲ. ದೈಹಿಕ ಆರೋಗ್ಯ, ಮನಸ್ಸಿನ ನೆಮ್ಮದಿ, ಸಹೋದ್ಯೋಗಿಗಳೊಡನೆ ಒಳ್ಳೆಯ ಸಂಬಂಧ, ತನ್ನ ಕೆಲಸದಿಂದ ಮಕ್ಕಳಿಗೆ ಒಳಿತಾಗುತ್ತಿದೆ ಎಂಬ ಭರವಸೆ ಇವೆಲ್ಲವೂ ಅದರಲ್ಲಿ ಸೇರಿವೆ. ಇದಕ್ಕೆ ವಿರುದ್ಧವಾದ ಸ್ಥಿತಿಯನ್ನು ವೃತ್ತಿದಣಿವು ಎನ್ನಬಹುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದ ಹನ್ನೊಂದನೆಯ ಆವೃತ್ತಿ ವೃತ್ತಿದಣಿವನ್ನು ಕಾಯಿಲೆಗಳ ಪಟ್ಟಿಗೆ ಸೇರಿಸದೆ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ಗುರುತಿಸಿದೆ. ಮೈಮನಗಳ ಬಳಲಿಕೆ, ಕೆಲಸದಿಂದ ಮನಸ್ಸು ದೂರವಾಗುವುದು ಮತ್ತು ತನ್ನಿಂದ ಏನೂ ಸಾಧ್ಯವಾಗುತ್ತಿಲ್ಲ ಎಂಬ ಭಾವನೆ ಇದರ ಮೂರು ಲಕ್ಷಣಗಳು. ಸರಿಯಾಗಿ ನಿಭಾಯಿಸದೆ ಬಿಟ್ಟ, ದೀರ್ಘಕಾಲದ ಕೆಲಸದ ಒತ್ತಡ ಇದಕ್ಕೆ ಕಾರಣವೆಂದು ಅದೇ ವಿವರಣೆ ಹೇಳುತ್ತದೆ. ಹಾಗಾಗಿ ಪರಿಹಾರವನ್ನೂ ಶಿಕ್ಷಕರ ಸ್ವಭಾವದಲ್ಲಿ ಹುಡುಕುವ ಮೊದಲು ಕೆಲಸದ ಜಾಗದಲ್ಲಿ ಹುಡುಕಬೇಕು.

ಸೇವೆಯಲ್ಲಿ ಉಳಿಯುವುದು ಎಂಬ ಮಾತಿಗೂ ಎರಡು ಮುಖಗಳಿವೆ. ಕೆಲವರು ವೃತ್ತಿಯನ್ನೇ ಬಿಡುತ್ತಾರೆ, ಕೆಲವರು ಶಾಲೆ ಬದಲಿಸುತ್ತಾರೆ. ದೇಶಕ್ಕೆ ಇವೆರಡೂ ಬೇರೆ ಬೇರೆ ಲೆಕ್ಕ, ಮಕ್ಕಳಿಗೆ ಮಾತ್ರ ಎರಡೂ ಒಂದೇ: ತಮ್ಮ ಮೇಷ್ಟ್ರು ಇಲ್ಲವಾದರು. ಭಾರತದ ಸರ್ಕಾರಿ ಶಾಲೆಗಳಲ್ಲಿ ಮೂರನೆಯ ಬಗೆಯೊಂದನ್ನೂ ಕಾಣಬಹುದು. ಅಲ್ಲಿ ಕೆಲಸ ಬಿಡುವವರು ವಿರಳ. ನಿವೃತ್ತಿಯವರೆಗೂ ಹಾಜರಾತಿ ವಹಿಯಲ್ಲಿ ಹೆಸರು ಇರುತ್ತದೆ, ಹುರುಪು ಮಾತ್ರ ಎಷ್ಟೋ ವರ್ಷ ಮೊದಲೇ ಆರಿಹೋಗಿರುತ್ತದೆ. ಯಾವ ಅಂಕಿಅಂಶದಲ್ಲೂ ಕಾಣದ ಈ ನಷ್ಟವೇ ಬಹುಶಃ ಎಲ್ಲಕ್ಕಿಂತ ದೊಡ್ಡದು.

ಅಧ್ಯಯನದ ಬೆಳವಣಿಗೆ

ಬೋಧಕರ ಕೆಲಸದ ಸ್ಥಿತಿಗತಿಗಳಿಗೆ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿದ್ದು 1966ರಲ್ಲಿ, ಶಿಕ್ಷಕರ ಸ್ಥಾನಮಾನ ಕುರಿತ ಯುನೆಸ್ಕೋ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಶಿಫಾರಸಿನಿಂದ. ಅದನ್ನು ಅಂಗೀಕರಿಸಿದ ಅಕ್ಟೋಬರ್ 5ನ್ನು 1994ರಿಂದ ವಿಶ್ವ ಶಿಕ್ಷಕರ ದಿನವಾಗಿ ಆಚರಿಸಲಾಗುತ್ತಿದೆ.

ವೃತ್ತಿದಣಿವಿನ ಬಗ್ಗೆ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ 1974ರಲ್ಲಿ ಬರೆದರು. ಅದನ್ನು ಅಳೆಯುವ ಪ್ರಶ್ನಾವಳಿಯನ್ನು ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಪ್ರಕಟಿಸಿದರು. ಇದೇ ಅವಧಿಯಲ್ಲಿ ಬ್ರಿಟನ್ನಿನ ಕ್ರಿಸ್ ಕಿರಿಯಾಕು ಮತ್ತು ಜಾನ್ ಸಟ್‌ಕ್ಲಿಫ್ ಶಿಕ್ಷಕರ ಒತ್ತಡವನ್ನು ಪ್ರತ್ಯೇಕ ವಿಷಯವಾಗಿ ಅಧ್ಯಯನ ಮಾಡಿದರು. ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರ ತಮ್ಮ ಗ್ರಂಥದಲ್ಲಿ ಶಾಲೆಯನ್ನು ಮೊಟ್ಟೆ ಇಡುವ ತಟ್ಟೆಗೆ ಹೋಲಿಸಿದರು. ಒಬ್ಬೊಬ್ಬ ಶಿಕ್ಷಕರೂ ಒಂದೊಂದು ಗುಳಿಯಲ್ಲಿ ಒಂಟಿ, ಪಕ್ಕದ ಕೋಣೆಯಲ್ಲಿ ಏನು ನಡೆಯುತ್ತಿದೆಯೆಂದು ಯಾರಿಗೂ ತಿಳಿಯದು ಎಂಬುದು ಅವರ ಅಭಿಪ್ರಾಯ. ಈ ಒಂಟಿತನವನ್ನು ಒಡೆಯುವುದು ಹೇಗೆ ಎಂಬುದೇ ಆಮೇಲಿನ ಅಧ್ಯಯನಗಳ ಒಂದು ಮುಖ್ಯ ಪ್ರಶ್ನೆಯಾಯಿತು.

ರಿಚರ್ಡ್ ಇಂಗರ್‌ಸೋಲ್ 2001ರಲ್ಲಿ ಪ್ರಕಟಿಸಿದ ಸಂಶೋಧನೆ ಚರ್ಚೆಯ ದಿಕ್ಕನ್ನೇ ಬದಲಿಸಿತು. ಅಮೆರಿಕದ ಶಿಕ್ಷಕರ ಕೊರತೆಗೆ ನಿವೃತ್ತಿ ಅಥವಾ ಮಕ್ಕಳ ಸಂಖ್ಯೆಯ ಏರಿಕೆಗಿಂತ, ನಿವೃತ್ತಿಗೆ ಮುನ್ನವೇ ಶಾಲೆ ಬಿಡುವವರ ಪ್ರಮಾಣವೇ ದೊಡ್ಡ ಕಾರಣವೆಂದು ಅವರು ರಾಷ್ಟ್ರೀಯ ಸಮೀಕ್ಷೆಗಳ ಆಧಾರದಿಂದ ತೋರಿಸಿದರು. ಕಡಿಮೆ ಸಂಬಳ, ಆಡಳಿತದ ಬೆಂಬಲ ಸಿಗದಿರುವುದು, ಮಕ್ಕಳ ಶಿಸ್ತಿನ ಸಮಸ್ಯೆ ಮತ್ತು ಶಾಲೆಯ ನಿರ್ಧಾರಗಳಲ್ಲಿ ತಮ್ಮ ಮಾತು ನಡೆಯದಿರುವುದು ಎಂಬ ನಾಲ್ಕು ಕಾರಣಗಳನ್ನು ಶಿಕ್ಷಕರೇ ಹೇಳಿದ್ದರು. ಇವುಗಳಲ್ಲಿ ಮೂರು ಶಾಲೆಯ ಒಳಗಿನವು.

ಬಿಡುವಿಕೆಯ ಕಾರಣ ಮತ್ತು ಪರಿಣಾಮ

ನ್ಯೂಯಾರ್ಕ್ ನಗರದ ಹೊಸ ಶಿಕ್ಷಕರನ್ನು ಕುರಿತು ಡೊನಾಲ್ಡ್ ಬಾಯ್ಡ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನ, ಬಿಡುವಿಕೆಯ ಕಾರಣಗಳು ಹೆಚ್ಚಾಗಿ ಶಾಲೆಯ ಒಳಗೇ ಇವೆ ಎಂಬ ಮಾತಿಗೆ ಇನ್ನಷ್ಟು ಬಲ ಕೊಟ್ಟಿತು. ಕಟ್ಟಡ, ಸಹೋದ್ಯೋಗಿಗಳು, ಮಕ್ಕಳ ನಡವಳಿಕೆ ಮೊದಲಾದವುಗಳ ನಡುವೆ, ಶಾಲೆಯಲ್ಲಿ ಉಳಿಯುವ ನಿರ್ಧಾರದ ಮೇಲೆ ಹೆಚ್ಚು ಪ್ರಭಾವ ಬೀರಿದ್ದು ಶಾಲೆಯ ಆಡಳಿತದ ಬಗ್ಗೆ ಶಿಕ್ಷಕರಿಗಿದ್ದ ಅಭಿಪ್ರಾಯ. ಬಡ ಮಕ್ಕಳೇ ಹೆಚ್ಚಿರುವ ಶಾಲೆಗಳಿಂದ ಶಿಕ್ಷಕರು ಮಕ್ಕಳ ದೆಸೆಯಿಂದ ಓಡಿಹೋಗುತ್ತಾರೆ ಎಂಬ ಹಳೆಯ ನಂಬಿಕೆಯೂ ಇಂಥ ಅಧ್ಯಯನಗಳಿಂದ ಸಡಿಲವಾಯಿತು. ಆ ಶಾಲೆಗಳಲ್ಲಿ ನಾಯಕತ್ವವೂ ಕೆಲಸದ ವಾತಾವರಣವೂ ಚೆನ್ನಾಗಿದ್ದಲ್ಲಿ ಶಿಕ್ಷಕರು ಉಳಿದಿದ್ದಾರೆ.

ಶಿಕ್ಷಕರು ಬಿಟ್ಟುಹೋದಾಗ ಪೆಟ್ಟು ಬೀಳುವುದು ಅವರ ತರಗತಿಗೆ ಮಾತ್ರವಲ್ಲ. ಮ್ಯಾಥ್ಯೂ ರಾನ್‌ಫೆಲ್ಟ್, ಸುಸಾನಾ ಲೋಬ್ ಮತ್ತು ಜೇಮ್ಸ್ ವೈಕಾಫ್ 2013ರಲ್ಲಿ ನ್ಯೂಯಾರ್ಕಿನ 4 ಮತ್ತು 5ನೆಯ ತರಗತಿಗಳ ಮಕ್ಕಳ ಫಲಿತಾಂಶವನ್ನು ಪರಿಶೀಲಿಸಿದರು. ಶಿಕ್ಷಕರ ಬದಲಾವಣೆ ಹೆಚ್ಚಿದ ಕಡೆ, ಅಲ್ಲೇ ಉಳಿದ ಶಿಕ್ಷಕರ ಮಕ್ಕಳ ಕಲಿಕೆಯೂ ಕುಗ್ಗಿತ್ತು. ಒಬ್ಬರು ಹೋದರೆ ಅವರ ಅನುಭವವೂ ಹೋಗುತ್ತದೆ. ಯಾವ ಮಗುವಿಗೆ ಎಲ್ಲಿ ತೊಡಕು, ಯಾವ ಮನೆಗೆ ಹೋಗಿ ಮಾತನಾಡಬೇಕು ಎಂಬ ತಿಳಿವಳಿಕೆಯನ್ನು ಹೊಸಬರು ಮೊದಲಿನಿಂದ ಕಟ್ಟಿಕೊಳ್ಳಬೇಕು. ಅಲ್ಲಿಯವರೆಗೆ ಹೆಚ್ಚುವರಿ ಹೊರೆ ಉಳಿದವರ ಹೆಗಲಿಗೇ ಬೀಳುತ್ತದೆ.

ಮುಖ್ಯಸ್ಥರು ಮಾಡಬಹುದಾದದ್ದು

*ಸಮಯದ ರಕ್ಷಣೆ.* ಶಿಕ್ಷಕರ ಕೆಲಸ ಗಂಟೆ ಬಾರಿಸಿದಾಗ ಮುಗಿಯುವುದಿಲ್ಲ. ಪಾಠ ಟಿಪ್ಪಣಿ, ಉತ್ತರ ಪತ್ರಿಕೆಗಳ ತಿದ್ದುವಿಕೆ, ಅಂಕಪಟ್ಟಿ, ಪೋಷಕರ ಭೇಟಿ ಎಲ್ಲವೂ ಮನೆಯ ಹೊತ್ತನ್ನು ತಿನ್ನುತ್ತವೆ. ಒಂದೇ ಮಾಹಿತಿಯನ್ನು ಮೂರು ನಮೂನೆಗಳಲ್ಲಿ ಕೇಳದಿರುವುದು, ವಾಟ್ಸ್ಆ್ಯಪ್ ಗುಂಪಿನಲ್ಲಿ ರಾತ್ರಿ ಸೂಚನೆ ಕಳಿಸಿ ಬೆಳಗ್ಗೆ ವರದಿ ಕೇಳದಿರುವುದು, ಅಗತ್ಯವಿಲ್ಲದ ಸಭೆಯನ್ನು ಕೈಬಿಡುವುದು, ಬಿಡುವಿನ ಅವಧಿಯನ್ನು ಪದೇಪದೇ ಕಸಿಯದಿರುವುದು ಇವೆಲ್ಲ ಖರ್ಚಿಲ್ಲದ ಕ್ರಮಗಳು. ಹೊಸ ಕೆಲಸವೊಂದನ್ನು ಹಚ್ಚುವಾಗ ಹಳೆಯದೊಂದನ್ನು ಇಳಿಸುವ ರೂಢಿ ಇರುವ ಶಾಲೆಯಲ್ಲಿ ಶಿಕ್ಷಕರು ಹೊಸತನ್ನು ಪ್ರಯತ್ನಿಸಲು ಹಿಂಜರಿಯುವುದಿಲ್ಲ.

*ಹೊಸಬರಿಗೆ ಆಸರೆ.* ಸೇವೆಯ ಮೊದಲ ಕೆಲವು ವರ್ಷಗಳಲ್ಲೇ ಬಿಡುವವರು ಹೆಚ್ಚು. ಅಮೆರಿಕದಲ್ಲಿ ಹೊಸ ಶಿಕ್ಷಕರ ಪೈಕಿ ಶೇಕಡ 40ಕ್ಕಿಂತ ಹೆಚ್ಚು ಮಂದಿ ಐದು ವರ್ಷಗಳೊಳಗೆ ವೃತ್ತಿ ತೊರೆಯುತ್ತಾರೆಂದು ಇಂಗರ್‌ಸೋಲ್ ಮತ್ತು ಸಂಗಡಿಗರ ಲೆಕ್ಕ ಹೇಳುತ್ತದೆ. ಅದೇ ವಿಷಯ ಬೋಧಿಸುವ ಹಿರಿಯರೊಬ್ಬರ ಮಾರ್ಗದರ್ಶನ, ಜೊತೆಗೂಡಿ ಪಾಠ ಸಿದ್ಧಪಡಿಸಲು ವೇಳಾಪಟ್ಟಿಯಲ್ಲೇ ಸಮಯ, ಮೊದಲ ವರ್ಷ ಸ್ವಲ್ಪ ಹಗುರವಾದ ಹೊಣೆ ಇವು ಫಲ ಕೊಟ್ಟಿವೆ. ಎಷ್ಟೋ ಶಾಲೆಗಳಲ್ಲಿ ನಡೆಯುವುದು ಇದಕ್ಕೆ ಉಲ್ಟಾ. ಹಿರಿಯರು ಬೇಡವೆಂದ ತರಗತಿ, ಯಾರೂ ಒಪ್ಪದ ಹೆಚ್ಚುವರಿ ಕೆಲಸ ಹೊಸಬರ ಪಾಲಿಗೆ ಬರುತ್ತದೆ. ಇದನ್ನು ತಡೆಯುವ ಅಧಿಕಾರ ಮುಖ್ಯಸ್ಥರಿಗಿದೆ.

*ನಿರ್ಧಾರದಲ್ಲಿ ಪಾಲು.* ಏನನ್ನು ಹೇಗೆ ಕಲಿಸಬೇಕು, ಹಣ ಯಾವುದಕ್ಕೆ ಬಳಸಬೇಕು, ಶಾಲಾ ವಾರ್ಷಿಕೋತ್ಸವ ಹೇಗಿರಬೇಕು ಎಂಬುದನ್ನು ಕೂತು ಮಾತಾಡಿ ತೀರ್ಮಾನಿಸಿದರೆ ಶಿಕ್ಷಕರು ಶಾಲೆಯನ್ನು ತಮ್ಮದೆಂದು ಭಾವಿಸುತ್ತಾರೆ. ತೀರ್ಮಾನ ಆಗಲೇ ಆಗಿಹೋಗಿದ್ದು, ಸಹಿಗಾಗಿ ಮಾತ್ರ ಕರೆದರೆ ಸಭೆಯ ಮೇಲಿನ ನಂಬಿಕೆಯೂ ಉಳಿಯುವುದಿಲ್ಲ.

*ನ್ಯಾಯ ಮತ್ತು ವಿಶ್ವಾಸ.* ಷಿಕಾಗೋ ನಗರದ ಶಾಲೆಗಳನ್ನು ದೀರ್ಘಕಾಲ ಅಭ್ಯಸಿಸಿದ ಆ್ಯಂಟನಿ ಬ್ರೈಕ್ ಮತ್ತು ಬಾರ್ಬರಾ ಶ್ನೈಡರ್ 2002ರ ತಮ್ಮ ಪುಸ್ತಕದಲ್ಲಿ ಶಾಲೆಯ ಸುಧಾರಣೆಗೆ ಪರಸ್ಪರ ವಿಶ್ವಾಸವೇ ಬುನಾದಿ ಎಂದರು. ಗೌರವ, ಸಾಮರ್ಥ್ಯ, ವೈಯಕ್ತಿಕ ಕಾಳಜಿ ಮತ್ತು ನಡೆನುಡಿಯ ಪ್ರಾಮಾಣಿಕತೆ ಅದರ ನಾಲ್ಕು ಅಂಗಗಳು. ಸಾಂದರ್ಭಿಕ ರಜೆ ಕೊಡುವಾಗ ಒಬ್ಬರಿಗೊಂದು ಇನ್ನೊಬ್ಬರಿಗೊಂದು ನಿಯಮವಿದ್ದರೆ, ಹೊರಗಿನ ಕೆಲಸಕ್ಕೆ ಪ್ರತಿ ಸಲ ಒಬ್ಬರನ್ನೇ ನಿಯೋಜಿಸಿದರೆ, ಮೆಚ್ಚುಗೆ ಆಪ್ತರಿಗೆ ಮಾತ್ರ ಸಿಕ್ಕರೆ ಈ ವಿಶ್ವಾಸ ಮುರಿಯುತ್ತದೆ. ಮುರಿದದ್ದನ್ನು ಶಿಕ್ಷಕರ ದಿನಾಚರಣೆಯ ಶಾಲು, ಹಾರ ಜೋಡಿಸಲಾರವು.

*ಕಲಿಸುವ ಮೇಲ್ವಿಚಾರಣೆ.* ತರಗತಿಗೆ ಬಂದು ತಪ್ಪು ಬರೆದುಕೊಂಡು ಹೋಗುವ ಮೇಲ್ವಿಚಾರಣೆ ಭಯ ಹುಟ್ಟಿಸುತ್ತದೆ. ಪಾಠ ನೋಡಿ, ಅದೇ ದಿನ ಕೂತು, ಯಾವುದು ಚೆನ್ನಾಗಿತ್ತು, ಯಾವುದನ್ನು ಬೇರೆ ರೀತಿ ಮಾಡಬಹುದು ಎಂದು ಚರ್ಚಿಸುವ ಮುಖ್ಯ ಶಿಕ್ಷಕರನ್ನು ಶಿಕ್ಷಕರೇ ತರಗತಿಗೆ ಕರೆಯುತ್ತಾರೆ. ಮುಖ್ಯ ಶಿಕ್ಷಕರು ತಾವೂ ಒಂದೆರಡು ಅವಧಿ ಪಾಠ ಮಾಡಿದರೆ ಅವರ ಮಾತಿಗೆ ತೂಕ ಹೆಚ್ಚು.

*ಬೆನ್ನಿಗೆ ನಿಲ್ಲುವುದು.* ಪೋಷಕರ ದೂರು, ಊರಿನ ಪ್ರಭಾವಿಗಳ ಒತ್ತಡ, ಸಾಮಾಜಿಕ ಜಾಲತಾಣದಲ್ಲಿ ಹರಿದಾಡುವ ವಿಡಿಯೋ ಇವುಗಳನ್ನು ಶಿಕ್ಷಕರು ಒಂಟಿಯಾಗಿ ಎದುರಿಸಬೇಕಾಗಬಾರದು. ತಪ್ಪು ನಡೆದಿದ್ದರೆ ಮಗುವಿನ ಹಿತವೇ ಮೊದಲು, ಅದರಲ್ಲಿ ರಾಜಿಯಿಲ್ಲ. ಆದರೆ ವಿಚಾರಣೆಗೆ ಮುನ್ನ ಎಲ್ಲರೆದುರು ತಲೆತಗ್ಗಿಸುವಂತೆ ಮಾಡುವುದು ನಾಯಕತ್ವವಲ್ಲ. ಶೌಚಾಲಯ, ಕುಡಿಯುವ ನೀರು, ಕೂತು ಊಟ ಮಾಡಲು ಜಾಗ ಇವೂ ಈ ಕಾಳಜಿಯ ಭಾಗವೇ. ಭಾರತದ ಶಾಲಾ ಶಿಕ್ಷಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಹಿಳೆಯರು. ಬಳಸಲು ಯೋಗ್ಯವಾದ ಶೌಚಾಲಯವಿಲ್ಲದ ಶಾಲೆಯಲ್ಲಿ ಅವರು ಹಗಲೆಲ್ಲ ನೀರು ಕುಡಿಯದೆ ದುಡಿಯಬೇಕಾಗುತ್ತದೆ.

ಇತರ ದೇಶಗಳ ಕ್ರಮಗಳು

ಇಂಗ್ಲೆಂಡಿನಲ್ಲಿ 2003ರ ಕೆಲಸದ ಹೊರೆ ಒಪ್ಪಂದದ ಫಲವಾಗಿ, 2005ರಿಂದ ಬೋಧನಾ ಸಮಯದ ಕನಿಷ್ಠ ಶೇಕಡ 10ರಷ್ಟನ್ನು ಪಾಠದ ತಯಾರಿ ಮತ್ತು ಮೌಲ್ಯಮಾಪನಕ್ಕೆಂದು ಮೀಸಲಿಡಬೇಕಾಯಿತು. 2016ರಲ್ಲಿ ಮೂರು ಸ್ವತಂತ್ರ ತಂಡಗಳು ಪುಸ್ತಕ ತಿದ್ದುವಿಕೆ, ಪಾಠಯೋಜನೆ ಮತ್ತು ಮಾಹಿತಿ ಸಂಗ್ರಹ ಕುರಿತು ವರದಿ ಕೊಟ್ಟು, ತಪಾಸಣೆಗಾಗಿ ಮಾತ್ರ ಮಾಡುವ ಬರವಣಿಗೆಯನ್ನು ಕೈಬಿಡಲು ಹೇಳಿದವು. 2021ರಿಂದ ಹೊಸ ಶಿಕ್ಷಕರಿಗೆ ಎರಡು ವರ್ಷಗಳ ಮಾರ್ಗದರ್ಶನ ಕಡ್ಡಾಯವಾಯಿತು. ಮೊದಲ ವರ್ಷ ವೇಳಾಪಟ್ಟಿಯಲ್ಲಿ ಶೇಕಡ 10, ಎರಡನೆಯ ವರ್ಷ ಶೇಕಡ 5 ಹೆಚ್ಚುವರಿ ಬಿಡುವು ಕೊಡುವುದು ಅದರ ಅಂಗ.

ಜಪಾನ್ ಎಚ್ಚರಿಕೆಯ ಉದಾಹರಣೆ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ (ಒಇಸಿಡಿ) 2018ರಲ್ಲಿ ನಡೆಸಿದ ಅಂತರರಾಷ್ಟ್ರೀಯ ಸಮೀಕ್ಷೆಯಲ್ಲಿ ಅಲ್ಲಿನ ಕೆಳ ಪ್ರೌಢ ಹಂತದ ಶಿಕ್ಷಕರು ವಾರಕ್ಕೆ ಸರಾಸರಿ 56 ಗಂಟೆ ದುಡಿಯುತ್ತಿದ್ದರು. ಪಾಲ್ಗೊಂಡ ದೇಶಗಳ ಸರಾಸರಿ ಸುಮಾರು 38 ಗಂಟೆ. ಶಾಲೆಯ ಕ್ರೀಡಾ ಮತ್ತು ಕಲಾ ಸಂಘಗಳ ಹೊಣೆ, ಕಡತಗಳ ಕೆಲಸ ಇದಕ್ಕೆ ಮುಖ್ಯ ಕಾರಣ. 1971ರ ಕಾನೂನಿನ ಪ್ರಕಾರ ಹೆಚ್ಚುವರಿ ದುಡಿಮೆಗೆ ಪ್ರತ್ಯೇಕ ಭತ್ಯೆ ಇರದೆ ಸಂಬಳದ ಶೇಕಡ 4 ಮಾತ್ರ ಸಿಗುತ್ತಿತ್ತು. ಅದನ್ನು ಹಂತಹಂತವಾಗಿ ಶೇಕಡ 10ಕ್ಕೆ ಏರಿಸಲು 2025ರಲ್ಲಿ ತಿದ್ದುಪಡಿ ಆಯಿತು. ಸಿಂಗಪುರದಲ್ಲಿ 2001ರಲ್ಲಿ ಬೋಧನೆ, ನಾಯಕತ್ವ ಮತ್ತು ವಿಷಯ ಪರಿಣತಿ ಎಂಬ ಮೂರು ಬಡ್ತಿ ದಾರಿಗಳನ್ನು ರೂಪಿಸಲಾಯಿತು. ಒಳ್ಳೆಯ ಶಿಕ್ಷಕರು ಬಡ್ತಿಗಾಗಿ ತರಗತಿ ಬಿಡಬೇಕಾದ ಅನಿವಾರ್ಯತೆ ಇದರಿಂದ ತಪ್ಪಿತು.

ಭಾರತ

2009ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳ ಹಕ್ಕಿನ ಜೊತೆಗೆ ಶಿಕ್ಷಕರ ಕೆಲಸದ ಚೌಕಟ್ಟನ್ನೂ ಹಾಕಿಕೊಟ್ಟಿದೆ. ಅದರ ಅನುಸೂಚಿಯ ಪ್ರಕಾರ ವಾರಕ್ಕೆ 45 ಗಂಟೆಗಳ ಕೆಲಸದಲ್ಲಿ ಪಾಠದ ತಯಾರಿಯ ಸಮಯವೂ ಸೇರಿದೆ. ತಯಾರಿಯೂ ಕೆಲಸವೇ ಎಂದು ಕಾನೂನು ಒಪ್ಪಿರುವುದನ್ನು ಮುಖ್ಯಸ್ಥರು ಮರೆಯಬಾರದು. ಕಾಯ್ದೆಯ 27ನೆಯ ಕಲಂ ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಬಿಟ್ಟು ಶಿಕ್ಷಣೇತರ ಕೆಲಸಗಳಿಗೆ ಶಿಕ್ಷಕರನ್ನು ನಿಯೋಜಿಸಬಾರದೆಂದು ಹೇಳುತ್ತದೆ. ವಾಸ್ತವದಲ್ಲಿ ಸಮೀಕ್ಷೆ, ಮತಗಟ್ಟೆ ಅಧಿಕಾರಿಯ ಕೆಲಸ, ಬಗೆಬಗೆಯ ಆನ್‌ಲೈನ್ ದಾಖಲೆಗಳು ತರಗತಿಯ ಸಮಯವನ್ನು ನುಂಗುತ್ತಲೇ ಇವೆ.

ಶಿಕ್ಷಕರು ಶಾಲೆಗೆ ಬರುವುದಿಲ್ಲ ಎಂಬ ಆರೋಪ ಬಹುಕಾಲದ್ದು. ಅಜೀಂ ಪ್ರೇಮ್‌ಜಿ ಫೌಂಡೇಷನ್ 2017ರಲ್ಲಿ ಪ್ರಕಟಿಸಿದ ಅಧ್ಯಯನ ಕಾರಣವಿಲ್ಲದ ಗೈರುಹಾಜರಿ ಶೇಕಡ 2.5ರ ಆಸುಪಾಸಿನಲ್ಲಿದೆ ಎಂದಿತು. ಅಂದು ಶಾಲೆಯಲ್ಲಿ ಇಲ್ಲದಿದ್ದ ಉಳಿದವರು ಮಂಜೂರಾದ ರಜೆಯಲ್ಲಿದ್ದರು, ಇಲ್ಲವೇ ತರಬೇತಿ ಮತ್ತು ಇಲಾಖೆಯ ಇತರ ಕೆಲಸಗಳಿಗೆ ಹೋಗಿದ್ದರು. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ಕಳ್ಳರೆಂಬಂತೆ ನೋಡುವ ದೃಷ್ಟಿಯೇ ಪ್ರಾಮಾಣಿಕ ಶಿಕ್ಷಕರ ಮನಸ್ಸನ್ನು ಹೆಚ್ಚು ನೋಯಿಸುತ್ತದೆ.

2012ರಲ್ಲಿ ದೆಹಲಿಯ ರಾಷ್ಟ್ರೀಯ ಶೈಕ್ಷಣಿಕ ಯೋಜನಾ ಸಂಸ್ಥೆಯಲ್ಲಿ ರಾಷ್ಟ್ರೀಯ ಶಾಲಾ ನಾಯಕತ್ವ ಕೇಂದ್ರ ಆರಂಭವಾಗಿ, ಮುಖ್ಯ ಶಿಕ್ಷಕರ ತರಬೇತಿಗೆ ಪಠ್ಯಕ್ರಮ ರೂಪುಗೊಂಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರಿಗೂ ಮುಖ್ಯಸ್ಥರಿಗೂ ವರ್ಷಕ್ಕೆ 50 ಗಂಟೆಗಳ ವೃತ್ತಿಪರ ಕಲಿಕೆ ಇರಬೇಕೆಂದೂ, ಪದೇಪದೇ ವರ್ಗಾವಣೆ ಮಾಡುವ ಪದ್ಧತಿ ನಿಲ್ಲಬೇಕೆಂದೂ ಹೇಳಿದೆ. ಆದರೆ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಏಕೋಪಾಧ್ಯಾಯ ಶಾಲೆಗಳಿವೆ. ಅಲ್ಲಿ ನಾಯಕರೂ ಶಿಕ್ಷಕರೂ ಗುಮಾಸ್ತರೂ ಒಬ್ಬರೇ. ಅವರ ಯೋಗಕ್ಷೇಮ ನೋಡಬೇಕಾದವರು ಕ್ಲಸ್ಟರ್ ಮತ್ತು ತಾಲ್ಲೂಕು ಹಂತದ ಅಧಿಕಾರಿಗಳು.

ಕರ್ನಾಟಕ

ಕರ್ನಾಟಕದಲ್ಲಿ ಶಿಕ್ಷಕರು ಒಂದೇ ಶಾಲೆಯಲ್ಲಿ ನಿಲ್ಲುವುದು ವರ್ಗಾವಣೆ ನಿಯಮಗಳಿಗೆ ನೇರವಾಗಿ ತಳುಕು ಹಾಕಿಕೊಂಡಿದೆ. 2007ರ ಶಿಕ್ಷಕರ ವರ್ಗಾವಣೆ ನಿಯಂತ್ರಣ ಅಧಿನಿಯಮ ಶಿಫಾರಸು ಮತ್ತು ಪ್ರಭಾವದ ಜಾಗದಲ್ಲಿ ಗಣಕೀಕೃತ ಕೌನ್ಸೆಲಿಂಗ್ ವ್ಯವಸ್ಥೆಗೆ ದಾರಿ ಮಾಡಿತು. 2020ರಲ್ಲಿ ಹೊಸ ಅಧಿನಿಯಮ ಬಂತು. ಎ, ಬಿ, ಸಿ ವಲಯಗಳ ವಿಂಗಡಣೆ, ಪತಿ ಪತ್ನಿ ಪ್ರಕರಣ, ತೀವ್ರ ಕಾಯಿಲೆ, ಅಂಗವೈಕಲ್ಯ ಮೊದಲಾದ ಆದ್ಯತೆಗಳು ಅದರ ಭಾಗ. ಇತರ ಹಲವು ರಾಜ್ಯಗಳಿಗೆ ಹೋಲಿಸಿದರೆ ಇದು ಪಾರದರ್ಶಕ ಪದ್ಧತಿ. ಆದರೂ ಸಿ ವಲಯದ ದೂರದ ಶಾಲೆಯಿಂದ ಹೊರಡುವವರನ್ನು ನಿಯಮ ಮಾತ್ರ ತಡೆಯಲಾರದು. ಊರಿಗೊಂದೇ ಬಸ್ಸು, ಮಳೆಗಾಲದಲ್ಲಿ ಅದೂ ಇಲ್ಲ ಎಂಬಂಥ ಮಲೆನಾಡಿನ ಶಾಲೆಯಲ್ಲಿ ಬಾಡಿಗೆ ಮನೆ ಹುಡುಕಿಕೊಡುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಹೊಸ ಶಿಕ್ಷಕಿಯನ್ನು ಊರಿಗೆ ಪರಿಚಯಿಸುವ ಮುಖ್ಯ ಶಿಕ್ಷಕಿ ಇದ್ದರೆ ಆ ಶಿಕ್ಷಕಿ ಅಲ್ಲಿ ಬೇರೂರುವ ಸಾಧ್ಯತೆ ಹೆಚ್ಚು.

ಅಕ್ಷರ ದಾಸೋಹದ ಬಿಸಿಯೂಟ, ಹಾಲು, ಮೊಟ್ಟೆ ಮತ್ತು ಬಾಳೆಹಣ್ಣಿನ ವಿತರಣೆ ಮಕ್ಕಳಿಗೆ ಅತ್ಯಗತ್ಯ. ಅದರ ದಾಸ್ತಾನು, ಖರೀದಿ, ದಿನದ ಲೆಕ್ಕ ಮಾತ್ರ ಶಾಲೆಯ ಮೇಲೆ ಬಿದ್ದಿದೆ. ಮಕ್ಕಳ ಮಾಹಿತಿ ತುಂಬುವ ಎಸ್‌ಎಟಿಎಸ್ ತಂತ್ರಾಂಶದ ಕೆಲಸವೂ ಹಾಗೆಯೇ. ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ 2015ರಲ್ಲೂ 2025ರಲ್ಲೂ ಶಿಕ್ಷಕರೇ ಗಣತಿದಾರರಾದರು. 2025ರಲ್ಲಿ ದಸರಾ ರಜೆಯೂ ಅದರಲ್ಲೇ ಕಳೆಯಿತು. ಇಂಥ ಹೊತ್ತಿನಲ್ಲಿ ಕೆಲಸವನ್ನು ಸರದಿಯ ಮೇಲೆ ಹಂಚುವುದು, ಗರ್ಭಿಣಿಯರು ಮತ್ತು ಅನಾರೋಗ್ಯದವರ ಪರವಾಗಿ ಕ್ಷೇತ್ರ ಶಿಕ್ಷಣಾಧಿಕಾರಿಗೆ ಲಿಖಿತವಾಗಿ ಕೇಳಿಕೊಳ್ಳುವುದು ಮುಖ್ಯ ಶಿಕ್ಷಕರು ತಪ್ಪದೆ ಮಾಡಬೇಕಾದ ಕೆಲಸ.

ಶಿಕ್ಷಕರ ಹುರುಪನ್ನು ಹೊತ್ತಿಸಿದ ಉದಾಹರಣೆಯೂ ಕರ್ನಾಟಕದಲ್ಲೇ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದು, ಯುನಿಸೆಫ್ ನೆರವಿನೊಂದಿಗೆ ತಮ್ಮ ಮಕ್ಕಳಿಗೆ ಹೊಂದುವ ಕಲಿಕಾ ಕಾರ್ಡುಗಳನ್ನು ತಾವೇ ಸಿದ್ಧಪಡಿಸಿದರು. ಅದೇ ನಲಿ ಕಲಿ. ಕಾಡಂಚಿನ, ಸೌಲಭ್ಯ ಕಡಿಮೆಯಿದ್ದ ಆ ತಾಲ್ಲೂಕಿನ ಶಿಕ್ಷಕರಿಗೆ ಅಧಿಕಾರಿಗಳು ಕೊಟ್ಟದ್ದು ಪ್ರಯೋಗ ಮಾಡುವ ಸ್ವಾತಂತ್ರ್ಯ ಮತ್ತು ಒಟ್ಟಿಗೆ ಕೂರುವ ಅವಕಾಶ. ಮುಂದೆ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದಾಗ, ಕಾರ್ಡುಗಳು ಮೇಲಿನಿಂದ ಬಂದ ಕಡೆ ಮೊದಲಿನ ಉತ್ಸಾಹ ಅಷ್ಟಾಗಿ ಕಾಣಲಿಲ್ಲ. ವಿಧಾನ ಅದೇ ಆದರೂ, ಅದನ್ನು ಕಟ್ಟಿದ ಖುಷಿ ಅವರದಾಗಿರಲಿಲ್ಲ. ತಿಂಗಳ ಸಮಾಲೋಚನಾ ಸಭೆಗಳು ಸುತ್ತೋಲೆ ಓದುವ ಸಭೆಗಳಾಗದೆ ಪಾಠದ ತೊಡಕುಗಳನ್ನು ಹಂಚಿಕೊಳ್ಳುವ ಸಭೆಗಳಾದರೆ ಆ ಖುಷಿಯನ್ನು ಮತ್ತೆ ಪಡೆಯಬಹುದು.

ಖಾಸಗಿ ಶಾಲೆಗಳು ಮತ್ತು ಅತಿಥಿ ಶಿಕ್ಷಕರು

ಕಡಿಮೆ ಶುಲ್ಕದ ಖಾಸಗಿ ಶಾಲೆಗಳಲ್ಲಿ ಸಂಬಳ ಅಲ್ಪ, ಸೇವಾ ಭದ್ರತೆ ಇಲ್ಲ. ಶೈಕ್ಷಣಿಕ ವರ್ಷ ಮುಗಿದೊಡನೆ ಬೇರೆ ಶಾಲೆಗೆ ಹೋಗುವವರು ಅನೇಕರು. ಸಂಬಳವನ್ನು ಒಮ್ಮೆಗೇ ಏರಿಸಲಾಗದ ಆಡಳಿತ ಮಂಡಳಿಯೂ ನೇಮಕಾತಿ ಪತ್ರ, ಭವಿಷ್ಯ ನಿಧಿ, ಹೆರಿಗೆ ರಜೆಯಂಥ ಕಾನೂನುಬದ್ಧ ಹಕ್ಕುಗಳನ್ನು ಪೂರ್ತಿಯಾಗಿ ಕೊಡಬೇಕು, ಬೇಸಿಗೆ ರಜೆಯ ಸಂಬಳ ಹಿಡಿಯಬಾರದು. ಸರ್ಕಾರಿ ಶಾಲೆಗಳಲ್ಲಿ ಖಾಲಿ ಹುದ್ದೆಗಳನ್ನು ತುಂಬುವ ಅತಿಥಿ ಶಿಕ್ಷಕರು ಗೌರವಧನದ ಮೇಲೆ, ಆಯಾ ವರ್ಷದ ಮಟ್ಟಿಗೆ ದುಡಿಯುತ್ತಾರೆ. ಗೌರವಧನದ ಬಿಲ್ಲು ಸಕಾಲಕ್ಕೆ ಕಳಿಸುವುದು, ಸಭೆಗಳಲ್ಲಿ ಅವರಿಗೂ ಮಾತಾಡಲು ಅವಕಾಶ ಕೊಡುವುದು, ಅವರನ್ನು ಕಾಯಂ ಶಿಕ್ಷಕರಷ್ಟೇ ಮರ್ಯಾದೆಯಿಂದ ಮಕ್ಕಳೆದುರು ಕಾಣುವುದು ಮುಖ್ಯ ಶಿಕ್ಷಕರಿಂದ ಆಗುವ ಸಹಾಯ.

ಮುಖ್ಯ ಶಿಕ್ಷಕರ ಯೋಗಕ್ಷೇಮ

ಕಾಳಜಿ ಕೊಡಬೇಕಾದವರಿಗೇ ಕಾಳಜಿ ಸಿಗದಿದ್ದರೆ ಈ ಮಾತುಗಳೆಲ್ಲ ಉಪದೇಶವಾಗಿ ಉಳಿಯುತ್ತವೆ. ಸಣ್ಣ ಶಾಲೆಗಳಲ್ಲಿ ಹಿರಿಯ ಶಿಕ್ಷಕರೇ ಪ್ರಭಾರ ಹೊತ್ತು, ತರಗತಿಯನ್ನೂ ಕಚೇರಿಯನ್ನೂ ಒಟ್ಟಿಗೆ ನಡೆಸುತ್ತಾರೆ. ಎಷ್ಟೋ ಕಡೆ ಗುಮಾಸ್ತರ ಹುದ್ದೆ ಇಲ್ಲ, ಇದ್ದರೂ ಖಾಲಿ. ಆಡಳಿತದ ತರಬೇತಿ ಪಡೆಯದೆ, ಸೇವಾ ಹಿರಿತನದಿಂದಲೇ ಈ ಹೊಣೆಗೆ ಬಂದವರು ಬಹಳ. ಮೇಲಿನ ಕಚೇರಿ ಅವರನ್ನು ಬರಿಯ ಮಾಹಿತಿ ಕಳಿಸುವವರಂತೆ ಕಂಡರೆ, ಅವರೂ ಶಿಕ್ಷಕರನ್ನು ಹಾಗೆಯೇ ಕಾಣುವ ಅಪಾಯವಿದೆ. ಲೆಕ್ಕಪತ್ರ ಮತ್ತು ದಾಖಲೆಗಳಿಗೆ ಸಹಾಯಕರು, ಅಕ್ಕಪಕ್ಕದ ಶಾಲೆಗಳ ಮುಖ್ಯ ಶಿಕ್ಷಕರೊಡನೆ ಮನಬಿಚ್ಚಿ ಮಾತಾಡುವ ಕೂಟ, ಒಂದೇ ಶಾಲೆಯಲ್ಲಿ ಕೆಲವು ವರ್ಷ ನಿಲ್ಲುವ ಅವಕಾಶ ಇವು ಅವರಿಗೆ ಬೇಕಾದವು.

ಮಿತಿಗಳು ಮತ್ತು ಚರ್ಚೆ

ಈ ಕ್ಷೇತ್ರದ ಹೆಚ್ಚಿನ ಸಂಶೋಧನೆ ಅಮೆರಿಕ ಮತ್ತು ಯುರೋಪಿನದು. ಅಲ್ಲಿನ ಪ್ರಾಂಶುಪಾಲರಿಗೆ ನೇಮಕಾತಿಯಲ್ಲೂ ಹಣದಲ್ಲೂ ಇರುವ ಅಧಿಕಾರ ನಮ್ಮ ಮುಖ್ಯ ಶಿಕ್ಷಕರಿಗಿಲ್ಲ. ಎರಡನೆಯದಾಗಿ, ಒಳ್ಳೆಯ ನಾಯಕತ್ವದಿಂದ ಶಿಕ್ಷಕರು ಉಳಿಯುತ್ತಾರೋ, ಶಿಕ್ಷಕರು ಒಳ್ಳೆಯವರಿದ್ದ ಕಡೆ ನಾಯಕತ್ವವೂ ಚೆನ್ನಾಗಿ ಕಾಣುತ್ತದೋ ಎಂದು ಬೇರ್ಪಡಿಸುವುದು ಸುಲಭವಲ್ಲ. ಮ್ಯಾಥ್ಯೂ ಕ್ರಾಫ್ಟ್ ಮತ್ತು ಸಂಗಡಿಗರು 2016ರಲ್ಲಿ ನ್ಯೂಯಾರ್ಕಿನ ಶಾಲೆಗಳನ್ನು ಕೆಲವು ವರ್ಷಗಳ ಉದ್ದಕ್ಕೂ ಹೋಲಿಸಿ, ಅದೇ ಶಾಲೆಯಲ್ಲಿ ನಾಯಕತ್ವ ಸುಧಾರಿಸಿದಂತೆ ಬಿಡುವವರ ಪ್ರಮಾಣ ಇಳಿಯಿತೆಂದು ತೋರಿಸಿದ್ದು ಈ ಸಂದೇಹವನ್ನು ಬಹಳಮಟ್ಟಿಗೆ ಕಡಿಮೆ ಮಾಡಿತು.

ಯೋಗ, ಧ್ಯಾನ, ಒತ್ತಡ ನಿರ್ವಹಣೆಯ ಶಿಬಿರಗಳ ಬಗ್ಗೆಯೂ ಚರ್ಚೆ ಇದೆ. ಅವು ಕೆಲವರಿಗೆ ನೆಮ್ಮದಿ ಕೊಡುತ್ತವೆ. ಆದರೆ ಹೊರೆಯನ್ನು ಹಾಗೇ ಬಿಟ್ಟು ಹೊರುವ ಶಕ್ತಿಯನ್ನು ಮಾತ್ರ ಹೆಚ್ಚಿಸಲು ಹೊರಟರೆ ತಪ್ಪನ್ನು ಶಿಕ್ಷಕರ ಮೇಲೆಯೇ ಹೊರಿಸಿದಂತಾಗುತ್ತದೆ. ಹಾಗೆಯೇ ಮುಖ್ಯ ಶಿಕ್ಷಕರ ಒಳ್ಳೆಯತನವನ್ನು ನಂಬಿ ಖಾಲಿ ಹುದ್ದೆಗಳನ್ನು ತುಂಬದೆ ಕೂರುವ ಹಕ್ಕು ಸರ್ಕಾರಕ್ಕಿಲ್ಲ. ಸಂಬಳ, ನೇಮಕಾತಿ, ಕಟ್ಟಡ ಸರ್ಕಾರದ ಮತ್ತು ಆಡಳಿತ ಮಂಡಳಿಗಳ ಹೊಣೆ. ಸಮಯ, ನ್ಯಾಯ, ಮಾತಿನ ಬೆಲೆ, ಬೆಂಬಲ ಶಾಲೆಯ ಒಳಗಿನ ಹೊಣೆ. ಎರಡೂ ಕೂಡಿದಾಗಲೇ ಮಕ್ಕಳಿಗೆ ಮನಸ್ಸಿಟ್ಟು ಕಲಿಸುವ ಶಿಕ್ಷಕರು ವರ್ಷದಿಂದ ವರ್ಷಕ್ಕೆ ಅದೇ ಶಾಲೆಯಲ್ಲಿ ಸಿಗುತ್ತಾರೆ.